ಕೊಂಡಿ ಹಾಕಿದ ಕೈಗೆ ಎಷ್ಟು ಮಜೂರಿ?

ಇಳಕಲ್ ಸೀರೆಯ ಬಗೆಗೆ ನಮ್ಮವರು ಬರೆಯುವ ಲೇಖನಗಳಿಗೂ ಮಾಡುವ ಭಾಷಣಗಳಿಗೂ ಒಂದು ಸಿದ್ಧ ಅಚ್ಚು ಇದೆ. ಮೊದಲು ಪರಂಪರೆಯ ಹೊಗಳಿಕೆ, ನಡುವೆ ನೇಕಾರರ ಬಡತನಕ್ಕೆ ಒಂದು ನಿಟ್ಟುಸಿರು, ಕೊನೆಗೆ ಸರಕಾರಕ್ಕೊಂದು ಮನವಿ. ಸೀರೆಯನ್ನು ಮಾತ್ರ ಯಾರೂ ಬಿಚ್ಚಿ ನೋಡುವುದಿಲ್ಲ. ನೋಡಿದರೆ ಈ ಉದ್ಯಮದ ಬಲವೂ ಅದರ ಬೇನೆಯೂ ಒಂದೇ ಕಡೆ, ಸೆರಗು ಶುರುವಾಗುವ ಗೆರೆಯಲ್ಲಿ, ಕಾಣುತ್ತವೆ ಎಂಬುದು ನಮ್ಮ ಅಭಿಪ್ರಾಯ.

ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲಿಗೆ ಹೆಚ್ಚಾಗಿ ಹತ್ತಿ; ಸೆರಗಿಗೆ ರೇಷ್ಮೆ ಇಲ್ಲವೆ ಕೃತಕ ರೇಷ್ಮೆ. ಈ ಎರಡು ಹಾಸುಗಳ ಎಳೆಗಳನ್ನು ಕೈಯಿಂದ ಕೊಂಡಿ ಹಾಕಿ ಜೋಡಿಸಿದ ಮೇಲೆಯೇ ಕೆಂಪು ಬಿಳಿಯ ತೋಪು ತೆನಿ ಸೆರಗು ಮೂಡುವುದು. ಆದುದರಿಂದ ಆರು ಗಜವಿರಲಿ, ಒಂಬತ್ತು ಗಜವಿರಲಿ, ಒಂದೊಂದು ಸೀರೆಗೂ ಹಾಸನ್ನು ಹೊಸದಾಗಿಯೇ ಸಿದ್ಧಪಡಿಸಬೇಕು. ನೂರಾರು ಗಜದ ಹಾಸು ಹೂಡಿ ಒಂದೇ ಸಮನೆ ಓಡಿಸುವ ವಿದ್ಯುತ್ ಮಗ್ಗಕ್ಕೆ ಇದು ಒಗ್ಗುವ ಕೆಲಸವಲ್ಲ. ಅದು ಒಂದೇ ಹಾಸಿನ ಮೇಲೆ ಹೊಕ್ಕಿನ ಬಣ್ಣ ಬದಲಿಸಿ ಸೆರಗಿನ ವೇಷ ಹಾಕುತ್ತದೆ. ದೂರದಿಂದ ನೋಡಿದವರಿಗೆ ಎರಡೂ ಒಂದೇ. ಬೆಲೆಯಲ್ಲಿ ಮಾತ್ರ ಅಜಗಜಾಂತರ.

ಕೈಮಗ್ಗದ ಮೇಲೆ ಇಂಥ ಒಂದು ಸೀರೆಗೆ ಸುಮಾರು ಏಳು ದಿನ ಹಿಡಿಯುತ್ತದೆ. ಲಾಳಿ ಎಸೆಯುವವನೊಬ್ಬನೇ ನೇಕಾರನಲ್ಲ. ನೂಲು ಬಿಡಿಸುವುದು, ಕಂಡಿಕೆ ಸುತ್ತುವುದು, ಹಾಸು ಸರಿಮಾಡುವುದು, ಕೊಂಡಿ ಹಾಕುವುದು, ಇವುಗಳಲ್ಲಿ ಮನೆಯ ಹೆಂಗಸರ ಪಾಲು ದೊಡ್ಡದು. ಒಂದು ಸೀರೆಗೆ ಒಂದೂವರೆ ಸಾವಿರ ರೂಪಾಯಿ ಮಜೂರಿ ಬಂತೆಂದೇ ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಏಳು ದಿನಕ್ಕೆ ಹಂಚಿದರೆ ದಿನಕ್ಕೆ 214 ರೂಪಾಯಿ. ಮನೆಯಲ್ಲಿ ದುಡಿದ ಮೂವರಿಗೆ ಹಂಚಿದರೆ ತಲೆಗೆ 71. ಮುಂಬಯಿಯಲ್ಲಿ ಎರಡು ವಡಾಪಾವ್, ಎರಡು ಚಹಕ್ಕೆ ಆ ದುಡ್ಡು ಮುಗಿಯಿತು! ಸಾವಕಾರ ನೂಲು ಕೊಟ್ಟು ಸೀರೆಗಿಷ್ಟೆಂದು ಮಜೂರಿ ಎಣಿಸುವ ಪದ್ಧತಿಯಲ್ಲಿ ಹೆಂಗಸರ ದುಡಿಮೆಗೆ ಬೇರೆ ಕಾಲಮ್ಮೇ ಇರುವುದಿಲ್ಲ. ಪುಕ್ಕಟೆಯಾಗಿ ಸಿಗುವ ಈ ದುಡಿಮೆಯ ಮೇಲೆಯೇ ಕೈಮಗ್ಗದ ಸೀರೆ ಇಷ್ಟು ದಿನ ಅಗ್ಗವಾಗಿ ಉಳಿದಿದೆ. ಮಗ ಮಗ್ಗ ಬಿಟ್ಟು ಬೆಂಗಳೂರಿಗೋ ಪುಣೆಗೋ ಹೊರಟರೆ ಅವನಿಗೆ ಪರಂಪರೆಯ ಅಭಿಮಾನವಿಲ್ಲವೆಂದು ದೂರುವವರು ಈ ಲೆಕ್ಕವನ್ನು ಒಮ್ಮೆ ಹಾಕಲಿ.

ಸರಕಾರ ಏನೂ ಮಾಡಿಲ್ಲವೆನ್ನುವಂತಿಲ್ಲ. 1985ರ ಕಾಯಿದೆ ಸೀರೆಯೂ ಸೇರಿದಂತೆ ಕೆಲವು ಬಟ್ಟೆಗಳ ನಿರ್ದಿಷ್ಟ ಬಗೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟಿತು; ಸರ್ವೋಚ್ಚ ನ್ಯಾಯಾಲಯ 1993ರಲ್ಲಿ ಅದನ್ನು ಎತ್ತಿಹಿಡಿಯಿತು. 2007ರಲ್ಲಿ ಇಳಕಲ್ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ 1995ರ ಗಣತಿಯಲ್ಲಿ ದೇಶದಲ್ಲಿ 65 ಲಕ್ಷಕ್ಕೂ ಹೆಚ್ಚಿದ್ದ ಕೈಮಗ್ಗದ ಕೆಲಸಗಾರರು 2019-20ರ ಹೊತ್ತಿಗೆ 35 ಲಕ್ಷಕ್ಕೆ ಇಳಿದಿದ್ದರು. ಗುರುತು ಹೆಸರನ್ನು ಕಾಯುತ್ತದೆ, ಮಜೂರಿಯನ್ನು ಕಾಯುವುದಿಲ್ಲ.

ಹಾಗಾದರೆ ನೇಕಾರರೇ ಕೂಡಿ ಉದ್ಯಮ ನಡೆಸಲಾರರೆ? ನಡೆಸಿದ ಉದಾಹರಣೆ ನಮ್ಮ ಮಲೆನಾಡಿನಲ್ಲೇ ಇದೆ. ರಂಗಕರ್ಮಿ ಪ್ರಸನ್ನರ ಮುಂದಾಳುತನದಲ್ಲಿ ಹೆಗ್ಗೋಡಿನ ಸಮೀಪ ಭೀಮನಕೋಣೆಯಲ್ಲಿ 1996ರಲ್ಲಿ ಹುಟ್ಟಿದ 'ಚರಕ' ಮಹಿಳೆಯರ ಸಹಕಾರಿ ಸಂಘ. ಅದರ ಜಾಣತನ ನಮಗೆ ಮೆಚ್ಚುಗೆಯಾಗುವುದು ಎರಡು ಸಂಗತಿಗಳಲ್ಲಿ. ನೇಯ್ದ ಬಟ್ಟೆಯನ್ನು ಥಾನಿನಲ್ಲೇ ಮಾರಿ ಕೈತೊಳೆದುಕೊಳ್ಳದೆ ಬಣ್ಣ, ಅಚ್ಚು, ಹೊಲಿಗೆಗಳನ್ನೂ ಊರಿನಲ್ಲೇ ಉಳಿಸಿಕೊಂಡಿತು. ಹೀಗಾಗಿ ಜುಬ್ಬದ ಬೆಲೆಯಲ್ಲಿ ಹೆಚ್ಚಿನ ಪಾಲು ಹಳ್ಳಿಯಲ್ಲೇ ನಿಂತಿತು. ಎರಡನೆಯದು, ಅಡಿಕೆ ಬೇಯಿಸಿದ ಚೊಗರನ್ನು ಬಣ್ಣವಾಗಿಸಿತು. ಮಾರಾಟಕ್ಕೆ 'ದೇಸಿ' ಎಂಬ ಅಂಗಡಿಗಳೂ ಬಂದವು. ಕೈಯಿಂದ ಮಾಡಿದ ಸರಕಿಗೆ ತೆರಿಗೆ ಬೇಡವೆಂದು 2017ರಲ್ಲಿ ಪ್ರಸನ್ನರು ಉಪವಾಸವನ್ನೂ ಕೂತರು.

ಆದರೂ 2020ರಲ್ಲಿ ಚರಕ ತನ್ನನ್ನು ದಿವಾಳಿಯೆಂದು ಸಾರಿಕೊಳ್ಳಬೇಕಾಯಿತು. ಕೊರೋನಾ ಒಂದು ಕಾರಣವೆಂಬುದು ಸರಿಯೆ, ಅದರಾಚೆಗೂ ನೋಡಬೇಕು. ಕೂಲಿ ವಾರವಾರವೂ ಕೊಡತಕ್ಕದ್ದು, ಬಟ್ಟೆ ಮಾರಾಟವಾಗುವುದು ತಿಂಗಳುಗಳ ನಂತರ. ಈ ನಡುವಿನ ಅವಧಿಗೆ ಬೇಕಾದ ದುಡಿಯುವ ಬಂಡವಾಳವೇ ಸಹಕಾರಿ ಕೈಮಗ್ಗದ ಪ್ರಾಣ. ಸಾವಕಾರನ ಬಳಿ ಇದ್ದದ್ದೂ ಅದೇ; ಅವನನ್ನು ಬೈದಷ್ಟು ಸುಲಭವಲ್ಲ ಅವನ ಜಾಗ ತುಂಬುವುದು. ಪ್ರಸನ್ನರ ವಿಚಾರಗಳ ಬಗ್ಗೆ ಕನ್ನಡದಲ್ಲಿ ಬೇಕಾದಷ್ಟು ಚರ್ಚೆಯಾಗಿದೆ. ಗೋದಾಮಿನಲ್ಲಿ ಕೂತ ಬಟ್ಟೆಯ ಬಗ್ಗೆ ಅಷ್ಟಾಗಿ ಆಗಿಲ್ಲ. ತತ್ವಕ್ಕೆ ಮನಸೋತು ಒಂದು ಜುಬ್ಬ ಕೊಂಡ ಗಿರಾಕಿ ಮರುವರ್ಷ ಮತ್ತೆ ಬರುತ್ತಾನೆಂಬ ಭರವಸೆಯ ಮೇಲೆ ಎಷ್ಟು ಮಗ್ಗಗಳನ್ನು ನಡೆಸಬಹುದು?

ಕರಾವಳಿಯ ಓದುಗರಿಗೆ ಉಡುಪಿ ಸೀರೆಯ ಸುದ್ದಿ ತಿಳಿದಿರಬಹುದು. 2016ರಲ್ಲಿ ಅದಕ್ಕೂ ಗುರುತು ಸಿಕ್ಕಿತು. ಆದರೆ 2018ರ ಹೊತ್ತಿಗೆ ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘದಲ್ಲಿ ಉಳಿದಿದ್ದವರು ಬೆರಳೆಣಿಕೆಯ ವಯೋವೃದ್ಧರು. ಕದಿಕೆ ಟ್ರಸ್ಟ್ ಅಲ್ಲಿಗೆ ಬಂದ ಮೇಲೆ ಕಿರಿಯರಿಗೆ ತರಬೇತಿ ನಡೆಯಿತು, ಸೀರೆಯೊಡನೆ ನೇಯ್ದವರ ಹೆಸರೂ ಗಿರಾಕಿಯ ಕೈ ಸೇರತೊಡಗಿತು. ಕೆಲಸ ಸಣ್ಣದು, ಆದರೆ ದಾರಿ ಸರಿಯಾದುದು: ಮಾರಾಟ ಕಂಡುಕೊಂಡು ಮಗ್ಗ ಹೆಚ್ಚಿಸುವುದು, ಮಗ್ಗ ಹೆಚ್ಚಿಸಿ ಗಿರಾಕಿಯನ್ನು ಹುಡುಕುವುದಲ್ಲ.

ಇಲ್ಲಿಯೇ ಹೊರನಾಡಿನವರ ಸಂಬಂಧ ಬರುವುದು. ಇಳಕಲ್ ಸೀರೆ ಗುಳೇದಗುಡ್ಡದ ಖಣದೊಂದಿಗೆ ಮಹಾರಾಷ್ಟ್ರದ ಮನೆಮನೆಯಲ್ಲೂ ನಡೆಯುತ್ತದೆ; 'ಇರಕಲ್' ಎಂದು ಕೇಳಿ ಕೊಳ್ಳುವ ನೆರೆಯವರು ನಮಗಿಂತ ಕಡಿಮೆ ಅಭಿಮಾನಿಗಳಲ್ಲ. ಕನ್ನಡ ಸಂಘಗಳು ರಾಜ್ಯೋತ್ಸವಕ್ಕೆ ವಾರವಿದೆಯೆನ್ನುವಾಗ ಅಂಗಡಿಗೆ ಹೋಗಿ ಐವತ್ತು ಸೀರೆ ಕೇಳಿದರೆ ಸಿಗುವುದು ವಿದ್ಯುತ್ ಮಗ್ಗದ್ದೇ; ಏಳು ದಿನದ ಸೀರೆ ಹಾಗೆ ಹುಟ್ಟುವುದಿಲ್ಲ. ಅದೇ ಐವತ್ತನ್ನು ಯುಗಾದಿಗೇ ನೇಕಾರರ ಸಂಘವೊಂದಕ್ಕೆ ಹೇಳಿ ಅರ್ಧ ಹಣ ಮುಂಗಡ ಕೊಟ್ಟರೆ, ನವೆಂಬರಿನವರೆಗೆ ಐದಾರು ಮಗ್ಗಗಳಿಗೆ ಬಿಡುವಿನ ವೇಳೆಯಲ್ಲೂ ಕೆಲಸವಿರುತ್ತದೆ, ನೂಲಿಗೆ ಸಾವಕಾರನ ಬಾಗಿಲಿಗೆ ಹೋಗುವ ಪ್ರಮೇಯವೂ ಬರುವುದಿಲ್ಲ. ಬಿಲ್ಲಿನಲ್ಲಿ ನೂಲಿಗೆಷ್ಟು, ನೇಯ್ಗೆಗೆಷ್ಟು, ಕಂಡಿಕೆ ಸುತ್ತಿ ಕೊಂಡಿ ಹಾಕಿದವರಿಗೆ ಎಷ್ಟು ಎಂದು ಬೇರೆಬೇರೆಯಾಗಿ ಬರೆಯಿಸಿಕೊಳ್ಳಬೇಕು. ಸೀರೆ ಬಂದ ದಿನ ಸೆರಗನ್ನು ಮಗುಚಿ, ಒಡಲು ಮುಗಿದು ಸೆರಗು ಹಿಡಿದಲ್ಲಿ ಕೊಂಡಿಯ ಸಾಲು ಇದೆಯೇ ಎಂದು ನೋಡಬೇಕು.