ಅಳಿಸಿ ಮತ್ತೆ ಬಳಿಯುವ ಬಣ್ಣ

1941ರಲ್ಲಿ ಹಾರ್ವರ್ಡ್‌ನ ಆಲ್ಬರ್ಟ್ ಕೂನ್ಸ್ ಪ್ರತಿಕಾಯಕ್ಕೆ ಹೊಳೆಯುವ ಬಣ್ಣ ಅಂಟಿಸಿ ತೋರಿಸಿದರು. ತೊಡಕೊಂದು ಮಾತ್ರ ಉಳಿಯಿತು: ಒಂದೊಂದು ಪ್ರೋಟೀನಿಗೂ ಅದಕ್ಕೆ ಅಂಟುವ ಪ್ರತಿಕಾಯ, ಅದರದೇ ಬಣ್ಣ ಬೇಕು; ಬಣ್ಣಗಳು ನಾಲ್ಕೈದು ದಾಟಿದರೆ ಸೂಕ್ಷ್ಮದರ್ಶಕದಲ್ಲಿ ಒಂದರ ಬೆಳಕು ಇನ್ನೊಂದರೊಳಗೆ ಬೆರೆಯುತ್ತದೆ. ಕ್ಯಾನ್ಸರ್ ಗಡ್ಡೆಯಲ್ಲಿ ಯಾವ ಕೋಶ ಯಾವುದೆಂದು ಗುರುತಿಸಲು ನಾಲ್ಕು ಪ್ರೋಟೀನು ಎಲ್ಲಿಗೆ ಸಾಕು?

ಅದೇ ಹಾರ್ವರ್ಡ್‌ನಲ್ಲಿ ಪೀಟರ್ ಸೋರ್ಗರ್ ತಂಡ ರೂಪಿಸಿದ ಸೈಸಿಫ್ ವಿಧಾನ ಹೊಸ ಬಣ್ಣ ಹುಡುಕುತ್ತ ಕೂರಲಿಲ್ಲ, ಇದ್ದುದನ್ನೇ ಅಳಿಸಿತು. ಸುಮಾರು 5 ಮೈಕ್ರಾನ್ ದಪ್ಪದ ಅಂಗಾಂಶದ ಚೂರಿಗೆ ಮೂರ್ನಾಲ್ಕು ಪ್ರತಿಕಾಯ ಹಾಕಿ, ಚಿತ್ರ ತೆಗೆದು, ಹೈಡ್ರೋಜನ್ ಪೆರಾಕ್ಸೈಡ್ ಮತ್ತು ಪ್ರಖರ ಬೆಳಕಿನಿಂದ ಹೊಳಪನ್ನು ಆರಿಸಿಬಿಡುವುದು. ಪ್ರತಿಕಾಯ ಅಲ್ಲೇ ಇರುತ್ತದೆ, ಬಣ್ಣ ಸಾಯುತ್ತದೆ. ಮತ್ತೆ ಮೂರ್ನಾಲ್ಕು. ಹೀಗೆ 60 ಪ್ರೋಟೀನುಗಳವರೆಗೆ. ಒಂದೇ ಅಂಗಳದಲ್ಲಿ ದಿನಕ್ಕೊಂದು ರಂಗೋಲಿ ಹಾಕಿದ ಹಾಗೆ.

ಪ್ರತಿ ಸುತ್ತಿನಲ್ಲೂ ಡಿಎನ್‌ಎಗೆ ನೀಲಿ ಬಣ್ಣ ಕಟ್ಟುತ್ತಾರೆ. ಆ ಕೋಶಕೇಂದ್ರಗಳ ಗುರುತು ಹಿಡಿದೇ ಕಂಪ್ಯೂಟರು ಎಲ್ಲ ಚಿತ್ರಗಳನ್ನೂ ಒಂದರ ಮೇಲೊಂದು ಕೂರಿಸುತ್ತದೆ. (ಪ್ರಕಟವಾಗುವ ಚಿತ್ರಗಳ ಕೆಂಪು, ಹಸಿರೆಲ್ಲ ಆಮೇಲೆ ತುಂಬಿದ್ದು, ಕ್ಯಾಮೆರಾ ಸಾಮಾನ್ಯವಾಗಿ ಕಾಣುವುದು ಕಪ್ಪು-ಬಿಳುಪನ್ನಷ್ಟೇ.)

ನಿಜವಾದ ಸೊಗಸು ಬೇರೆಯೇ ಇದೆ. ಅಂಗಾಂಶಕ್ಕೆ ತನ್ನದೇ ಆದ ಮಂಕು ಹೊಳಪಿರುತ್ತದೆ. ಸುತ್ತುಸುತ್ತಿಗೂ ಅದೂ ಸವೆಯುವುದರಿಂದ, ಕೊನೆಯ ಚಿತ್ರಗಳು ಮೊದಲಿನವಕ್ಕಿಂತ ಸ್ಪಷ್ಟವಾಗುತ್ತವೆ! ಪದೇಪದೇ ತೊಳೆಯುವಾಗ ಕೆಲವು ಕೋಶಗಳು ಕಿತ್ತುಹೋಗುವುದೂ ಉಂಟು. ಆದರೂ ರೋಗನಿರೋಧಕ ಟಿ ಕೋಶಗಳು ಗಡ್ಡೆಯೊಳಗೆ ನುಗ್ಗಿವೆಯೋ, ಅಂಚಿನಲ್ಲೇ ನಿಂತಿವೆಯೋ ಎಂಬುದು ಒಂದೇ ಚೂರಿನಲ್ಲಿ ಕಾಣುತ್ತದೆ.