ಬಾಜಾ ಉಳಿಯಿತು, ಭಜಂತ್ರಿ ಎಲ್ಲಿ?

೧

ನಮ್ಮ ಕಡೆಯ ಜಾತ್ರೆಯ ಕರಪತ್ರ ನೋಡಿದವರಿಗೆ ಒಂದು ಮಾತು ಬಾಯಿಪಾಠವಾಗಿರುತ್ತದೆ. ಆರತಿ, ಕುಂಭ, ಛತ್ರ-ಚಾಮರ, ಬಾಜಾ ಭಜಂತ್ರಿ ಸಮೇತ ಪಲ್ಲಕ್ಕಿ ಹೊರಡುವುದು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ, ಯಾವ ಊರಿನ ಕರಪತ್ರವಾದರೂ ಇಷ್ಟೇ. ಬಾಜಾ ಅಂದರೆ ವಾದ್ಯ, ಸರಿ. ಭಜಂತ್ರಿ ಅಂದರೆ ಯಾರು? ಸನಾದಿ ಊದುವ ಕಸಬಿನ ಜನ. ಸರಕಾರದ ಪರಿಶಿಷ್ಟ ಜಾತಿ ಪಟ್ಟಿಯಲ್ಲಿ ಕೊರಮ, ಕೊರವ ಎಂಬ ಹೆಸರುಗಳಲ್ಲಿ ಸಿಗುವವರು. ಅಂದರೆ ಛತ್ರ-ಚಾಮರದ ಪಕ್ಕದಲ್ಲಿ ಬರೆದದ್ದು ಮನುಷ್ಯರನ್ನು. ಸಾನ್ನಿಧ್ಯ ವಹಿಸುವವರನ್ನು ಬಹುವಚನದಲ್ಲಿ ಪೂಜ್ಯರು ಅನ್ನುವ ಅದೇ ಕರಪತ್ರ, ಊದುವವನನ್ನು ಸಾಮಾನಿನ ಯಾದಿಗೆ ಸೇರಿಸಿತು. ಇದು ಯಾರೋ ಬೇಕಂತಲೇ ಮಾಡಿದ ಅವಮಾನವಲ್ಲ. ಅದಕ್ಕೇ ಇದು ಹೆಚ್ಚು ಗಂಭೀರವಾದದ್ದು. ಬರೆದವನಿಗೂ ಗೊತ್ತಿಲ್ಲ, ಓದಿದವನಿಗೂ ಗೊತ್ತಿಲ್ಲ, ಭಾಷೆಯೇ ಹಾಗೆ ಕೂತುಬಿಟ್ಟಿದೆ.

ದಲಿತ ವಿಮರ್ಶೆಯ ಕುರಿತು ಏನಾದರೂ ಬರೀರಿ ಅಂದಾಗ ನನಗೆ ಕತೆ-ಕಾದಂಬರಿ ನೆನಪಾಗಲಿಲ್ಲ, ಈ ಕರಪತ್ರ ನೆನಪಾಯಿತು. ನಮ್ಮ ವಿಮರ್ಶೆ ಅಕ್ಷರವನ್ನು ಬಹಳ ಓದಿದೆ, ಸಪ್ಪಳವನ್ನು ಕೇಳಿಲ್ಲ. ಅಕ್ಷರ ನಮ್ಮ ಕೈಗೆ ಬಂದದ್ದು ನಿನ್ನೆ-ಮೊನ್ನೆ. ಹಲಗಿ ಮತ್ತು ಸನಾದಿ ಎಷ್ಟೋ ತಲೆಮಾರುಗಳಿಂದ ನಮ್ಮ ಕೈಯಲ್ಲಿವೆ. ನಮ್ಮ ಅಜ್ಜಂದಿರು ಕಟ್ಟಿದ್ದನ್ನು ವಿಮರ್ಶಿಸದೆ ನಾವು ಬರೆದದ್ದನ್ನಷ್ಟೇ ವಿಮರ್ಶಿಸಿದರೆ, ದಲಿತ ಕಲೆ ಶುರುವಾದದ್ದೇ ನಮ್ಮಿಂದ ಎಂಬ ಸೊಕ್ಕು ಬರುತ್ತದೆ.

೨

ಜಾನಪದದ ಪುಸ್ತಕಗಳಲ್ಲಿ ಹಲಗಿ ಮಜಲು, ಕರಡಿ ಮಜಲುಗಳಿಗೆ ಒಂದೊಂದು ಪುಟ ಇರುತ್ತದೆ. ನಿಸರ್ಗದ ಮಡಿಲಲ್ಲಿ ಹುಟ್ಟಿದ ಕಲೆ, ಹಬ್ಬ-ಹರಿದಿನಗಳ ಸಂಭ್ರಮದ ಕಲೆ, ಮುಗ್ಧ ಜನರ ಕಲೆ. ಈ ಮೂರು ವಿಶೇಷಣಗಳನ್ನು ಒಂದೊಂದಾಗಿ ಬಿಚ್ಚಿ ನೋಡಬೇಕು.

ಮೊದಲು ಮುಗ್ಧತೆ. ಹಲಗಿ ಬಾರಿಸುವವನ ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದರಲ್ಲಿ ಬಳುಕುವ ತೆಳು ಕಡ್ಡಿ. ದಪ್ಪದ್ದು ನಡೆ ಹಿಡಿದರೆ ತೆಳುವಿನದ್ದು ಆ ನಡೆಯ ಸಂದಿನಲ್ಲಿ ಮಾತಾಡುತ್ತದೆ. ಬಾರಿಸುವ ಮೊದಲು ಬೆಂಕಿ ಕಾಸಬೇಕು, ಎಷ್ಟು ಕಾಸಬೇಕು ಅನ್ನುವುದನ್ನು ಕಿವಿ ಹೇಳಬೇಕು. ಮಳೆಗಾಲದ ಚರ್ಮವೇ ಬೇರೆ, ಬೇಸಿಗೆಯ ಚರ್ಮವೇ ಬೇರೆ. ಸನಾದಿಯವನು ಮೂಗಿನಿಂದ ಗಾಳಿ ಎಳೆದುಕೊಳ್ಳುತ್ತಲೇ ಗಲ್ಲದಲ್ಲಿ ತುಂಬಿಟ್ಟ ಗಾಳಿಯನ್ನು ಊದುತ್ತಾನೆ, ಹೀಗಾಗಿ ಸ್ವರ ಕಡಿಯುವುದಿಲ್ಲ. ಇದನ್ನು ಕಲಿಯಲು ವರ್ಷಗಳು ಬೇಕು. ಹಲಗಿ ಬಾರಿಸುತ್ತಿದ್ದ ನಮ್ಮಜ್ಜ ಅನ್ನುತ್ತಿದ್ದ: “ತಮ್ಮಾ, ಇದು ಕೈಗೆ ಬರೂದಲ್ಲೋ, ಕಿವಿಗೆ ಬರೂದು.” ಇದನ್ನು ವಿದ್ಯೆ ಅನ್ನದೆ ಮುಗ್ಧತೆ ಅನ್ನುವುದು ಹೊಗಳಿಕೆಯ ವೇಷ ಹಾಕಿಕೊಂಡ ತಿರಸ್ಕಾರ.

ಎರಡನೆಯದು ನಿಸರ್ಗ. ಕಾರಹುಣ್ಣಿಮೆಗೆ ಕರಿ ಹರಿಯುವಾಗ ಎತ್ತಿನ ಓಟಕ್ಕೆ ಹಲಗಿಯದೊಂದು ನಡೆ. ಕುಸ್ತಿಯ ಕಣದಲ್ಲಿ ಇನ್ನೊಂದು, ಅಲಾಯಿ ಕುಣಿತಕ್ಕೆ ಮತ್ತೊಂದು, ಹೆಣ ಹೊರಟಾಗ ಬೇರೆಯೇ. ನಿಜ, ಈ ಸಂಗೀತದಲ್ಲಿ ಎತ್ತು, ಮಳೆ, ಬೆಳೆ ಎಲ್ಲ ಇವೆ. ಆದರೆ ಹಬ್ಬದ ದಿನ ಎತ್ತನ್ನು ಹುರುಪಿಸಿ ಓಡಿಸಲು ಬಾರಿಸಿದವನೇ, ಆ ಎತ್ತು ಸತ್ತ ದಿನ ಅದನ್ನು ಎಳೆದುಕೊಂಡು ಊರ ಹೊರಗೆ ಹೋಗಬೇಕಿತ್ತು. ಒಕ್ಕಲಿಗನಿಗೆ ನಿಸರ್ಗ ಅಂದರೆ ಹೊಲ. ಮಾದರವನಿಗೆ ನಿಸರ್ಗ ಅಂದರೆ ಆ ಹೊಲದಲ್ಲಿ ಬಿದ್ದ ಹೆಣ, ಅದರ ಚರ್ಮ, ಆ ಚರ್ಮದಿಂದ ಎದ್ದ ನಾದ. ‘ನಿಸರ್ಗದ ಸ್ಫೂರ್ತಿ’ ಎಂದು ಬರೆಯುವಾಗ ಈ ವ್ಯತ್ಯಾಸ ಎಲ್ಲಿ ಹೋಗುತ್ತದೆ?

ಮೂರನೆಯದು ಸಂಭ್ರಮ. ವಾದ್ಯಗಳನ್ನು ಹಂಚಿದ್ದು ಸಂಭ್ರಮವಲ್ಲ, ಜಾತಿ. ಚರ್ಮ ಮಾದರಿಗೆ, ಸನಾದಿ ಭಜಂತ್ರಿಗಳಿಗೆ, ಮೆರವಣಿಗೆಯ ಮುಂದಿನ ಗಂಟೆ-ಬಟ್ಟಲು ಚಲವಾದಿಗಳಿಗೆ. ಒಂದೇ ಮೇಳದಲ್ಲಿ ನಿಂತರೂ ಇವರ ನಡುವೆಯೂ ಮುಟ್ಟು-ತಟ್ಟಿನ ಗೆರೆಗಳಿದ್ದವು, ಇದನ್ನು ಮುಚ್ಚಿಡಬೇಕಾಗಿಲ್ಲ. ಸನಾದಿಯನ್ನು ‘ಮಂಗಳವಾದ್ಯ’ ಅಂದರು. ವಾದ್ಯ ಮಂಗಳ, ಊದುವವನು ಹಂದರದ ಹೊರಗೆ. ಇನ್ನು ಬಾಗಲಕೋಟೆಯ ಹೋಳಿ ನೋಡಿ. ಆ ದಿನಗಳಲ್ಲಿ ಓಣಿ ಓಣಿಯ ಎಲ್ಲ ಜಾತಿಯವರೂ ಹಲಗಿ ಹಿಡಿಯುತ್ತಾರೆ, ಹೆಮ್ಮೆಯಿಂದ ಬಾರಿಸುತ್ತಾರೆ. ನಾನೂ ನಿಂತು ಕೇಳಿದ್ದೇನೆ, ಮೈ ಜುಂ ಅನ್ನುತ್ತದೆ. ಆದರೆ ಆ ನಾಲ್ಕೈದು ದಿನ ಹಲಗಿ ಹಿಡಿದ ಕೈ ಮೈಲಿಗೆಯಾಗುವುದಿಲ್ಲ. ವರ್ಷವಿಡೀ ಹಿಡಿದ ಕೈ ಮೈಲಿಗೆ. ಹಾಗಾದರೆ ಮೈಲಿಗೆ ಚರ್ಮದ್ದಲ್ಲ. ಅವರು ಬೇಕಾದಾಗ ಕೆಳಗಿಡಬಹುದು, ಇವನು ಇಡುವ ಹಾಗಿಲ್ಲ ಎನ್ನುವುದೇ ಮೈಲಿಗೆ.

೩

ಈಗ ಬೀಳಗಿಗೆ ಬರೋಣ. ಬೀಳಗಿಯ ಸನಾದಿ ಅಪ್ಪಣ್ಣನ ಹೆಸರು ಕೇಳದ ಕನ್ನಡಿಗರಿಲ್ಲ. ಕಾರಣ ಬೀಳಗಿಯಲ್ಲ, ಸಿನೆಮಾ. ಕೃಷ್ಣಮೂರ್ತಿ ಪುರಾಣಿಕರ ಕಾದಂಬರಿಯನ್ನು ಆಧರಿಸಿ ೧೯೭೭ರಲ್ಲಿ ವಿಜಯ್ ನಿರ್ದೇಶಿಸಿದ ‘ಸನಾದಿ ಅಪ್ಪಣ್ಣ’ ಬಂತು. ಅಪ್ಪಣ್ಣನಾಗಿ ರಾಜಕುಮಾರ್, ಸಂಗೀತ ಜಿ.ಕೆ. ವೆಂಕಟೇಶ್ ಅವರದು, ಶಹನಾಯಿ ನುಡಿಸಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ನಮ್ಮ ಕೇರಿಯ ಹಿರಿಯರು ಈ ಚಿತ್ರವನ್ನು ಎಷ್ಟು ಸಲ ನೋಡಿದರೋ ಲೆಕ್ಕವಿಲ್ಲ. ನಮ್ಮವನ ಕತೆಯನ್ನು ರಾಜಕುಮಾರ್ ಮಾಡ್ಯಾರ ಅನ್ನುವ ಹಿಗ್ಗು ಸಣ್ಣದಲ್ಲ, ಅದನ್ನು ನಾನು ಹಗುರ ಮಾಡುವುದಿಲ್ಲ.

ಆದರೆ ಪರದೆಯ ಮೇಲೆ ಕಂಡದ್ದು ಯಾರ ಬೆರಳು, ಕೇಳಿದ್ದು ಯಾರ ಉಸಿರು? ಬೆರಳು ಬೆಂಗಳೂರಿನದು, ಉಸಿರು ಬನಾರಸಿನದು. ಬೀಳಗಿಯದು ಹೆಸರೊಂದೇ. ಖಾನ್ ಸಾಹೇಬರ ಮೇಲೆ ನನ್ನ ತಕರಾರಿಲ್ಲ. ಅವರ ಮಾವ ಅಲಿ ಬಕ್ಷ್ ಬನಾರಸಿನ ವಿಶ್ವನಾಥ ಗುಡಿಯಲ್ಲಿ ಊದುತ್ತಿದ್ದವರು. ಲಗ್ನದ ಬಾಗಿಲಲ್ಲಿ, ಗುಡಿಯ ದ್ವಾರದಲ್ಲಿ ನಿಂತಿದ್ದ ವಾದ್ಯವನ್ನು ಕಚೇರಿಯ ನಡುಮಧ್ಯಕ್ಕೆ ತಂದು ಕೂರಿಸಿ, ೨೦೦೧ರಲ್ಲಿ ಭಾರತರತ್ನದವರೆಗೆ ಒಯ್ದ ದೊಡ್ಡ ಮನುಷ್ಯ ಅವರು. ನನ್ನ ಪ್ರಶ್ನೆ ಬೇರೆ. ಬನಾರಸಿನಲ್ಲಿ ಆ ವಾದ್ಯ ಹತ್ತಿದ ನಿಚ್ಚಣಿಕೆ ಬೀಳಗಿಗೆ ಯಾಕೆ ಬರಲಿಲ್ಲ? ಧಾರವಾಡದಲ್ಲಿ ಆಕಾಶವಾಣಿ ೧೯೫೦ರಲ್ಲೇ ಶುರುವಾಗಿತ್ತು. ಸುತ್ತಲಿನ ಹಿಂದುಸ್ತಾನಿ ಗಾಯಕರ ಹೆಸರುಗಳು ದೇಶದ ತುಂಬ ಹರಡಿದವು. ಅದೇ ನೆಲದ ಸನಾದಿಗೆ ಘರಾಣೆ ಹುಟ್ಟಲಿಲ್ಲ. ಗಾಯಕನಿಗೆ ಶಿಷ್ಯರಿದ್ದರು, ಸನಾದಿಯವನಿಗೆ ಮಕ್ಕಳಷ್ಟೇ ಇದ್ದರು. ಶಿಷ್ಯ ಗುರುವಿನ ಹೆಸರು ಹೇಳಿಕೊಂಡು ಮೇಲೆ ಬರುತ್ತಾನೆ. ನಮ್ಮ ಮಕ್ಕಳು ಅಪ್ಪನ ಕಸಬಿನ ಹೆಸರು ಮರೆಸಿಕೊಂಡು ಮೇಲೆ ಬರಬೇಕಾಯಿತು.

ಹೊರಗಿನದೊಂದು ಉದಾಹರಣೆ ಕೊಡುತ್ತೇನೆ. ಯುರೋಪು-ಅಮೆರಿಕದಲ್ಲಿ ‘ಕನ್ಸರ್ಟ್ ಬ್ಯಾಂಡ್’ ಅಂತ ಒಂದಿದೆ. ಪಿಟೀಲಿನ ಸಾಲು ಇಲ್ಲ, ಮುಖ್ಯವಾಗಿ ಊದುವ ಮತ್ತು ಬಡಿಯುವ ವಾದ್ಯಗಳೇ. ಅದಕ್ಕೆಂದು ಪರ್ಸಿ ಗ್ರೇಂಜರ್ ಎಂಬ ಸಂಗೀತಗಾರ ೧೯೩೭ರಲ್ಲಿ ‘ಲಿಂಕನ್‌ಶೈರ್ ಪೋಸಿ’ ಎಂಬ ಕೃತಿ ರಚಿಸಿದ. ಆಧಾರ ಇಂಗ್ಲೆಂಡಿನ ಹಳ್ಳಿಯ ಹಾಡುಗಳು. ೧೯೦೫-೦೬ರ ಹೊತ್ತಿಗೆ ಆತ ಆ ಸೀಮೆ ತಿರುಗಿ, ಫೋನೋಗ್ರಾಫ್ ಇಟ್ಟುಕೊಂಡು ಮುದುಕರ ದನಿ ಹಿಡಿದಿದ್ದ. ಅವರಲ್ಲಿ ಜೋಸೆಫ್ ಟೇಲರ್ ಎಂಬವನ ಹಾಡಿನ ತಟ್ಟೆಗಳು ೧೯೦೮ರಲ್ಲೇ ಮಾರಾಟಕ್ಕೆ ಬಂದವು. ಮುಖ್ಯವಾದದ್ದು ಮುಂದಿದೆ. ಗ್ರೇಂಜರ್ ತನ್ನ ಕೃತಿಯನ್ನು ಆ ಹಾಡುಗಾರರಿಗೇ ಅರ್ಪಿಸಿದ. ಅದರ ಒಂದೊಂದು ಭಾಗವೂ ಹಾಡಿದ ಮನುಷ್ಯನ ಚಿತ್ರವಾಗಿರಬೇಕು ಅಂದ. ಅವರು ತಾಳ ಎಳೆದಲ್ಲಿ ಎಳೆದು, ತುಂಡರಿಸಿದಲ್ಲಿ ತುಂಡರಿಸಿ ಬರೆದ. ಹಳ್ಳಿಯವನ ತಾಳ ತಪ್ಪು ಅಂತ ತಿದ್ದಲಿಲ್ಲ.

ಗ್ರೇಂಜರನನ್ನು ತಂದು ಪೂಜೆಗಿಡುವುದು ನನ್ನ ಉದ್ದೇಶವಲ್ಲ. ಅಲ್ಲಿಯೂ ವರ್ಗದ ಅಂತರ ಇತ್ತು, ಹಾಡಿದವನು ಹಳ್ಳಿಯಲ್ಲೇ ಉಳಿದ, ಬರೆದವನು ಲೋಕ ಸುತ್ತಿದ. ಆದರೂ ಹೆಸರು ಉಳಿಯಿತು, ದನಿ ಉಳಿಯಿತು. ನಮ್ಮಲ್ಲಿ ಏನು ಉಳಿಯಿತು? ಊದುವುದು ಮತ್ತು ಬಡಿಯುವುದು, ಅಷ್ಟೇ ಕನ್ಸರ್ಟ್ ಬ್ಯಾಂಡಾದರೆ ನಮ್ಮ ಹಲಗಿ ಮಜಲೂ ಅದೇ ಅಲ್ಲವೇ? ಅವರು ಕುರ್ಚಿ ಹಾಕಿ ಕೂರಿಸಿ, ಸಭೆಯನ್ನು ಸುಮ್ಮನಿರಿಸಿ ಕೇಳಿದರು. ನಾವು ಬೀದಿಯಲ್ಲಿ ನಿಲ್ಲಿಸಿ, ನಮ್ಮ ಮಾತು ನಾವು ಆಡಿಕೊಂಡು ಮುಂದೆ ನಡೆದೆವು.

೪

ನಮ್ಮಪ್ಪ ಹಲಗಿ ಬಿಟ್ಟು ಬ್ಯಾಂಡ್ ಕಂಪನಿ ಸೇರಿದ. ಸೈಡ್ ಡ್ರಮ್ ಬಾರಿಸುತ್ತಿದ್ದ. ಕ್ಲಾರಿಯೊನೆಟ್, ಟ್ರಂಪೆಟ್, ದೊಡ್ಡ ಡೋಲು, ಆಮೇಲೆ ಗಾಡಿಯ ಮೇಲೊಂದು ಕ್ಯಾಸಿಯೊ. ಹೊಸ ಸಿನೆಮಾದ ಹಾಡೂ ಬರಬೇಕು, ಹಳೆಯ ಸೋಬಾನೆಯ ಧಾಟಿಯೂ ಬರಬೇಕು. ಎಲ್ಲ ಕೇಳಿಯೇ ಕಲಿತದ್ದು, ಸ್ವರಲಿಪಿ ಯಾರೂ ಕಂಡವರಲ್ಲ. ಜಾನಪದ ವಿದ್ವಾಂಸರಿಗೆ ಈ ಬ್ಯಾಂಡು ಬೇಡ, ಅದು ‘ಶುದ್ಧ’ವಲ್ಲ. ಸಂಗೀತ ವಿದ್ವಾಂಸರಿಗೂ ಬೇಡ, ಅದು ‘ಶಾಸ್ತ್ರ’ವಲ್ಲ. ಇಬ್ಬರೂ ಬಿಟ್ಟದ್ದರಿಂದ ಅದು ನಮಗೆ ಮುಖ್ಯ.

ಬ್ಯಾಂಡಿನಲ್ಲಿ ಎರಡು ಸಂಗತಿಗಳಿದ್ದವು. ಒಂದು, ಆಯದ ಬದಲು ರೊಕ್ಕ. ಹಲಗಿಯವನಿಗೆ ಸುಗ್ಗಿಯಲ್ಲಿ ಕಣದ ಮೂಲೆಯಲ್ಲಿ ನಿಂತು ಕೈಚಾಚಿದರೆ ಕಾಳು. ಬ್ಯಾಂಡಿನವನಿಗೆ ದಿನಾಂಕ ಹೇಳಿ ಮುಂಗಡ ಕೊಡಬೇಕು. ಬನಹಟ್ಟಿಯ ನೇಕಾರರ ಲಗ್ನವಿರಲಿ, ಜಮಖಂಡಿಯ ಸಾಹುಕಾರರ ಲಗ್ನವಿರಲಿ, ರೇಟು ಮಾತಾಡಿಯೇ ಹೋಗುವುದು. ಬ್ಯಾರೆ ಕಡೆ ಒಪ್ಪೇವಿ, ಆಗೂದಿಲ್ರಿ ಅನ್ನಲಿಕ್ಕೆ ಬಾಯಿ ಬಂದದ್ದು ಆಗಲೇ. ಎರಡು, ಕೋಟು. ಕೆಂಪು ಕೋಟು, ಬಂಗಾರದ ಬಣ್ಣದ ಪಟ್ಟಿ, ಟೊಪಿಗಿ, ಕಾಲಲ್ಲಿ ಬೂಟು. ಅಪ್ಪ ಹೇಳುತ್ತಿದ್ದ: “ಕೋಟ ಹಾಕ್ಕೊಂಡು ಅಗಸಿ ದಾಟಿದಾಗ ಯಾರೂ ನನಗ ‘ಲೇ’ ಅನಲಿಲ್ಲ. ಕೋಟ ಕಳದ ಮ್ಯಾಲ ಅಂದ್ರು.” ದಾಟಿದ್ದು ಮನುಷ್ಯನೋ ಕೋಟೋ? ಒಂದು ಲಗ್ನದಲ್ಲಿ ಇಡೀ ಮೆರವಣಿಗೆ ಇವರ ಹಾಡಿಗೆ ಕುಣಿದು ಮುಗಿದ ಮೇಲೆ, ಎಲ್ಲರ ಎಲೆ ಎತ್ತುವ ತನಕ ಹಂದರದ ಹೊರಗೆ ಕೂತಿದ್ದನ್ನು ಅವ ಕಡೆಯವರೆಗೂ ಮರೆಯಲಿಲ್ಲ.

ಅಮೆರಿಕದ ನ್ಯೂ ಆರ್ಲಿಯನ್ಸಿನ ಕರಿಯರ ಬ್ಯಾಂಡುಗಳೂ ಹಬ್ಬಕ್ಕೂ ಹೆಣಕ್ಕೂ ಊದುತ್ತಿದ್ದವು. ಆ ಊರಿನ ಬಡ ಹುಡುಗ ಲೂಯಿ ಆರ್ಮ್‌ಸ್ಟ್ರಾಂಗ್ ಹುಡುಗರ ಸುಧಾರಣಾ ಶಾಲೆಯ ಬ್ಯಾಂಡಿನಲ್ಲಿ ಕಾರ್ನೆಟ್ ಪಕ್ಕಾ ಮಾಡಿಕೊಂಡು ಜಗತ್ತಿಗೇ ಗೊತ್ತಾದ. ಅವನಿಗೆ ಅವಮಾನ ಕಡಿಮೆ ಇರಲಿಲ್ಲ. ಆದರೆ ಅವನನ್ನು ಕೇಳಲಿಕ್ಕೆಂದೇ ಜನ ಬಂದು ಕೂತರು. ನಮ್ಮ ಬ್ಯಾಂಡಿನವನನ್ನು ಕೇಳಲಿಕ್ಕೆ ಯಾರೂ ಬರಲಿಲ್ಲ, ಲಗ್ನಕ್ಕೆ ಬಂದವರ ಕಿವಿಗೆ ಅವನು ಬಿದ್ದ, ಅಷ್ಟೇ. ಈಗ ಡಿಜೆಯ ಪೆಟ್ಟಿಗೆಗಳು ಬಂದಿವೆ. ಪೆಟ್ಟಿಗೆಗೆ ಊಟ ಹಾಕುವ ಪ್ರಶ್ನೆಯೇ ಇಲ್ಲ.

೫

ನಮ್ಮ ಚಳವಳಿಯೊಳಗೇ ಹಲಗಿಯ ಬಗ್ಗೆ ಎರಡು ಮಾತಿವೆ. ಹಲಗಿ ಗುಲಾಮಗಿರಿಯ ಗುರುತು, ಬಿಟ್ಟುಬಿಡಿ ಅನ್ನುವುದು ಒಂದು. ಹಲಗಿ ನಮ್ಮ ಅಸ್ಮಿತೆ, ಎತ್ತಿ ಹಿಡಿಯಿರಿ ಅನ್ನುವುದು ಇನ್ನೊಂದು. ಎರಡೂ ಅರ್ಧ ಸತ್ಯ ಅಂತ ನನಗನ್ನಿಸುತ್ತದೆ. ೧೯೨೮ರಲ್ಲಿ ಬಾಬಾಸಾಹೇಬರು ಮುಂಬೈ ಶಾಸನ ಸಭೆಯಲ್ಲಿ ವತನದ ಕಾಯ್ದೆ ತಿದ್ದಲು ಮಸೂದೆ ಮಂಡಿಸಿದರು. ತುಂಡು ಇನಾಮು ನೆಲಕ್ಕಾಗಿ, ಹಿಡಿ ಕಾಳಿಗಾಗಿ ಹಗಲು ರಾತ್ರಿ ಕರೆದಾಗ ಓಡುವ ಬಿಟ್ಟಿ ಚಾಕರಿ ಮುರಿಯಬೇಕು ಎಂಬುದು ಅದರ ತಿರುಳು. ಅದು ಆಗ ಪಾಸಾಗಲಿಲ್ಲ. ಪಾಸಾಗಿದ್ದರೂ ಬ್ರಿಟಿಷ್ ವಿಜಾಪುರ ಜಿಲ್ಲೆಯ ಬೀಳಗಿಗೆ ತಾಕುತ್ತಿತ್ತೇ ಹೊರತು, ಪಟವರ್ಧನರ ಜಮಖಂಡಿಗೆ, ಘೋರ್ಪಡೆಯವರ ಮುಧೋಳಕ್ಕೆ ಅಲ್ಲ. ಆ ಸಂಸ್ಥಾನಗಳು ವಿಲೀನವಾದದ್ದು ೧೯೪೮ರಲ್ಲಿ. ನಮ್ಮ ರಾಜ್ಯದಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಆದದ್ದು ೧೯೬೧ರಲ್ಲಿ. ಕಾಯ್ದೆ ಆದ ಮೇಲೂ ‘ಬಾರಿಸೂದಿಲ್ಲ’ ಎಂದವರ ಮೇಲೆ ಬಹಿಷ್ಕಾರ ಬಿದ್ದದ್ದನ್ನು ಚಳವಳಿಯ ಗೆಳೆಯರಿಗೆ ನಾನು ನೆನಪಿಸಬೇಕಾಗಿಲ್ಲ.

ಆದ್ದರಿಂದ ‘ಬಾರಿಸೂದಿಲ್ಲ’ ಎಂಬ ಮಾತು ಸಂಗೀತದ ವಿರುದ್ಧದ ಮಾತಲ್ಲ, ಸಂಗೀತದ ಮೊದಲ ಮಾತು. ಬೇಡ ಅನ್ನಲು ಬಾರದವನು ನುಡಿಸಿದ್ದು ಎಷ್ಟು ಚೆಂದವಿದ್ದರೂ ಅದರೊಳಗೆ ಚಾಕರಿ ಇದ್ದೇ ಇರುತ್ತದೆ. ಬೇಡ ಅಂದು ಗೆದ್ದವನು ಮತ್ತೆ ತಾನಾಗಿ ಹಿಡಿದರೆ, ಅಲ್ಲಿಂದ ಕಲೆಯ ಲೆಕ್ಕ ಶುರು.

ಇನ್ನು ಮುಂದೆ ಯಾರೇ ಜಾನಪದ ಸ್ಫೂರ್ತಿಯ ಸಂಗೀತ ಅಂತ ವೇದಿಕೆ ಹತ್ತಿದರೂ, ಅದು ಸರಕಾರದ ಉತ್ಸವವಿರಲಿ, ಸಿನೆಮಾ ಇರಲಿ, ನಮ್ಮದೇ ಸಮಾವೇಶವಿರಲಿ, ದಲಿತ ವಿಮರ್ಶೆ ಮೂರು ಪ್ರಶ್ನೆ ಕೇಳಬೇಕು. ಈ ನಡೆ ಯಾರಿಂದ ಕಲಿತಿರಿ, ಅವರ ಹೆಸರೇನು? ಅವರಿಗೆ ಬೇಡ ಅನ್ನುವ ಹಕ್ಕಿತ್ತೇ? ನುಡಿಸಿದ ಮೇಲೆ ಅವರು ಎಲ್ಲಿ ಕೂತು ಉಂಡರು? ಆಮೇಲೆ ನಾದದ ಚೆಂದ-ಚಾರು ಮಾತಾಡೋಣ. ಮಾತಾಡಲೇಬೇಕು. ನಮ್ಮವರ ನೋವನ್ನಷ್ಟೇ ಬರೆದು ವಿದ್ಯೆಯನ್ನು ಬರೆಯದಿದ್ದರೆ, ನಾವೂ ಆ ಕರಪತ್ರದವರ ಸಾಲಿಗೆ ಸೇರುತ್ತೇವೆ.

ಏಪ್ರಿಲ್ ೧೪ಕ್ಕೆ ನಮ್ಮೂರಲ್ಲಿ ಬಾಬಾಸಾಹೇಬರ ಮೆರವಣಿಗೆ ಹೊರಡುತ್ತದೆ. ಹಿಂದೆ ಡಿಜೆ, ಮುಂದೆ ಹಲಗಿ. ಕಾಲೇಜಿಗೆ ಹೋಗುವ ಹುಡುಗರು ಬಾರಿಸುತ್ತಾರೆ, ಅವರನ್ನು ಯಾರೂ ಕರೆಸಿಲ್ಲ. ಹೋದ ಸಲ ಅವರ ನಡೆ ಒಂದು ಕಡೆ ತಪ್ಪಿತು. ಪಕ್ಕದಲ್ಲಿದ್ದ ಮುದುಕನೊಬ್ಬ ಕೋಲು ಇಸಿದುಕೊಂಡು, “ಹಿಂಗಲ್ಲೋ, ಹಿಂಗ” ಅಂತ ಬಾರಿಸಿ ತೋರಿಸಿದ. ಹುಡುಗರು ಸುತ್ತ ನಿಂತು ಕೇಳಿದರು. ನಾನು ಅವರಲ್ಲಿ ಒಬ್ಬನನ್ನು ಕರೆದು, ಆ ಅಜ್ಜನ ಹೆಸರು ಬರಕೋ ಅಂದೆ.