ಪ್ಯಾಕೆಟ್ ಗುಟ್ಟಿನದು, ವಿಳಾಸ ಊರಿನದು

ಲೈಂಗಿಕ ಆರೋಗ್ಯದ ಆ್ಯಪ್ ಯಾವುದನ್ನೇ ತೆರೆಯಿರಿ, ಮೊದಲು ಸಿಗೋದು ಒಂದೇ ಭರವಸೆ: ಯಾರಿಗೂ ಗೊತ್ತಾಗಲ್ಲ. ಏನೂ ಬರೆಯದ ಪ್ಯಾಕೆಟ್, ಪರಿಚಯವಿಲ್ಲದ ಡಾಕ್ಟರ್, ಚಾಟ್‌ನಲ್ಲೇ ಸಲಹೆ. ಬೆಂಗಳೂರಿನ ಪಿಜಿಯಲ್ಲಿ ಕೂತವರಿಗೆ ಇದು ನಿಜವೇ. ಪಕ್ಕದ ರೂಮಿನವರ ಹೆಸರೇ ಗೊತ್ತಿಲ್ಲದ ಕಡೆ ಗುಟ್ಟು ಸುಲಭ.

ಅದೇ ಭರವಸೆಯನ್ನು ನನ್ನ ಸೀಮೆಗೆ, ಶಿಕಾರಿಪುರ-ಸೊರಬದ ಕಡೆಗೆ, ತಗೊಂಡು ಹೋಗಿ ನೋಡಿ. ಯಡಿಯೂರಪ್ಪ, ಬಂಗಾರಪ್ಪ ಇಬ್ಬರನ್ನೂ ಗೆಲ್ಲಿಸಿ ಕಳಿಸಿದ ತಾಲ್ಲೂಕುಗಳಿವು. ಇಲ್ಲೂ ಮೊಬೈಲ್ ಇದೆ, ಯುಪಿಐ ಇದೆ. ಆದರೆ ಕೊರಿಯರ್ ಹುಡುಗನಿಗೆ ಮನೆ ನಂಬರ್ ಬೇಡ, ಅಪ್ಪನ ಹೆಸರು ಸಾಕು. ಮಗಳಿಗೆ ಬಂದ ಡಬ್ಬಿಯನ್ನು ಅಪ್ಪನ ಅಂಗಡಿಯಲ್ಲೇ ಕೊಟ್ಟು ಹೋಗ್ತಾನೆ. ಏನೂ ಬರೆಯದ ಡಬ್ಬಿ ಇನ್ನೂ ಹೆಚ್ಚು ಪ್ರಶ್ನೆ ಹುಟ್ಟಿಸುತ್ತೆ. ತುರ್ತು ಗರ್ಭನಿರೋಧಕ ಮಾತ್ರೆಯನ್ನು 72 ಗಂಟೆಯೊಳಗೆ ತಗೋಬೇಕು, ಬೇಗ ಆದಷ್ಟೂ ಒಳ್ಳೇದು. ಪಾರ್ಸೆಲ್ಲಿಗೇ ಮೂರು ದಿನ ಅಂದ್ರೆ ಆ ಆರ್ಡರ್ ಯಾಕೆ? ಊರಿನ ಮೆಡಿಕಲ್‌ನಲ್ಲಿ ಅದು ಚೀಟಿ ಇಲ್ಲದೇ ಸಿಗುತ್ತೆ. ಕೇಳೋಕೆ ಬಾಯಿ ಬರಬೇಕಲ್ಲ!

ಹದಿನೆಂಟು ತುಂಬದವರ ಪಾಡು ಬೇರೆಯೇ. 2020ರ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಅಪ್ರಾಪ್ತರು ಆನ್‌ಲೈನ್‌ನಲ್ಲಿ ವೈದ್ಯರ ಸಲಹೆ ಪಡೆಯಬೇಕಾದರೆ ಜೊತೆಗೆ ದೊಡ್ಡವರೊಬ್ಬರು ಇರಬೇಕು. ಮಕ್ಕಳನ್ನು ಕಾಯುವ ನಿಯಮ, ಒಪ್ಪೋಣ. ಆದರೆ ಹದಿನಾರರ ಹುಡುಗಿ ಬಿಳಿಸೆರಗಿನ ಬಗ್ಗೆ, ಹುಡುಗ ತುರಿಕೆ ಬಗ್ಗೆ ಕೇಳಲಿಕ್ಕೂ ಚಿಕ್ಕಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಳ್ಳಬೇಕಾ? ಕೊನೆಗೆ ಅವರು ಹೋಗೋದು ಯಾವ ನಿಯಮವೂ ಇಲ್ಲದ ರೀಲ್ಸ್ ಹತ್ತಿರ.

ಈ ವಯಸ್ಸಿನವರಿಗೆ ಸರ್ಕಾರ ಏನೂ ಮಾಡಿಲ್ಲ ಅಂತಲ್ಲ. 2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮ 10ರಿಂದ 19 ವರ್ಷದವರಿಗಾಗಿಯೇ ಇದೆ. ಅದರ ಕೇಂದ್ರಗಳಿಗೆ ಕರ್ನಾಟಕದಲ್ಲಿ ‘ಸ್ನೇಹ ಕ್ಲಿನಿಕ್’ ಎಂಬ ಚಂದದ ಹೆಸರೂ ಇದೆ. ಎಚ್‌ಐವಿ ಬಗ್ಗೆ ಕೇಳಲು 1097ಕ್ಕೆ ಉಚಿತವಾಗಿ ಕರೆ ಮಾಡಬಹುದು. ಆದರೆ ಆಸ್ಪತ್ರೆಯ ಬೆಂಚಿನಲ್ಲಿ ಪಕ್ಕಕ್ಕೆ ಕೂತವರು ಅತ್ತೆಯ ಗೆಳತಿಯಾಗಿರ್ತಾರೆ. ಒಂದು ಕಡೆ ಗುಟ್ಟು ಕಾಯುವ ಆ್ಯಪ್, ಅದಕ್ಕೆ ಊರು ಗೊತ್ತಿಲ್ಲ. ಇನ್ನೊಂದು ಕಡೆ ಊರಲ್ಲೇ ಇರುವ ಕ್ಲಿನಿಕ್, ಅಲ್ಲಿ ಗುಟ್ಟು ನಿಲ್ಲಲ್ಲ. ಎರಡಕ್ಕೂ ನಂಟು ಹಾಕಿದವರಿಲ್ಲ. 2019ರಲ್ಲಿ ಸ್ವ-ಆರೈಕೆಗೆ ಮಾರ್ಗಸೂಚಿ ಕೊಟ್ಟ ವಿಶ್ವ ಆರೋಗ್ಯ ಸಂಸ್ಥೆ ಕೂಡ ಅದು ಆಸ್ಪತ್ರೆಗೆ ಬದಲಿ ಅಂದಿಲ್ಲ, ಪೂರಕ ಅಂದಿದೆ.

ನಿಮ್ಮಲ್ಲಿ ಕೆಲವರು ಇಂಥ ಆ್ಯಪ್ ಕಟ್ಟುವವರೇ ಇರಬಹುದು. ಕೇಳೋದು ಸ್ವಲ್ಪವೇ. ಕನ್ನಡದಲ್ಲಿ ಮಾತಾಡಿ, ಓದಲು ಕಷ್ಟವಾದವರಿಗೆ ಕೇಳಿಸಿ. ಹತ್ತಿರದ ಸ್ನೇಹ ಕ್ಲಿನಿಕ್ ಯಾವುದು, ಯಾವ ದಿನ ತೆರೆದಿರುತ್ತೆ ತೋರಿಸಿ. ಡೆಲಿವರಿ ವಿಳಾಸದ ಕೆಳಗೆ ಇನ್ನೊಂದು ಆಯ್ಕೆ ಕೊಡಿ: ‘ಮನೆಗೆ ಬೇಡ, ಶಿರಾಳಕೊಪ್ಪಕ್ಕೆ ನಾನೇ ಬಂದು ತಗೊಳ್ತೀನಿ.’